ಎಂಬತ್ತೊಂದು ಮನೆ: ಸುಡೊಕು ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಕಾರಣ ನನಗೂ ಗೊತ್ತು, ನಿಮಗೂ ಗೊತ್ತು. ಕಳೆದ ತಿಂಗಳ ಗೂಡು ಸುಡೊಕುವಿಗೆ ಎರಡು ಉತ್ತರ ಇತ್ತು. ತಪ್ಪು ಪೂರ್ತಿ ನನ್ನದೇ. ಅದರ ಕಥೆಯನ್ನು ಒಬ್ಬ ಹುಡುಗನಿಗೆ ಬರೆದ ಉತ್ತರದಲ್ಲಿ ಹೇಳಿದ್ದೇನೆ, ಸ್ವಲ್ಪ ತಾಳಿ. ಹೊಸಬರಿಗೆ ಒಂದು ಮಾತು: ಒಂದು ಅಂಕಿ ಕೂರುವ ಜಾಗಕ್ಕೆ ನಾನು 'ಮನೆ' ಅನ್ನುತ್ತೇನೆ. ಒಂಬತ್ತು ಮನೆ ಸೇರಿದರೆ 'ಚೌಕ'. ಚೌಕಾಬಾರ ಆಡಿ ಬೆಳೆದವಳ ಬಾಯಿಗೆ ಬೇರೆ ಪದ ಬರುವುದಿಲ್ಲ. ಸುಡೊಕು ಅಂದರೆ ಇಷ್ಟೇ: ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿ ಒಂದೊಂದೇ ಸಲ ಬರಬೇಕು.

ಪ್ರಶ್ನೆ: ಸಾದಾ ಸುಡೊಕು ಎಷ್ಟು ಚೆನ್ನಾಗಿತ್ತು! ಅದರೊಳಗೆ ಥರ್ಮಾಮೀಟರು, ಬಾಣ, ಗೂಡು, ಹಸಿರು ಗೆರೆ ಎಲ್ಲ ಯಾಕೆ ತುರುಕುತ್ತೀರಿ ಮೇಡಂ? ಜಪಾನಿನವರು ಕಂಡರೆ ಬೇಜಾರು ಮಾಡಿಕೊಳ್ಳುವುದಿಲ್ವಾ?
— ಕಾಫಿ ತೋಟದ ರೈಟರ್, ಮೂಡಿಗೆರೆ

ಜಪಾನಿನವರು ಬೇಜಾರು ಮಾಡಿಕೊಳ್ಳಲು ಅದು ಅಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಹೊವಾರ್ಡ್ ಗಾರ್ನ್ಸ್ ಎಂಬ ನಿವೃತ್ತ ಆರ್ಕಿಟೆಕ್ಟ್ ಮಾಡಿದ್ದು. 1979ರಲ್ಲಿ ಡೆಲ್‌ನವರ ಒಗಟು ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಲ್ಲಿ ಬಂತು. 1984ರಲ್ಲಿ ನಿಕೋಲಿ ಎಂಬ ಒಗಟು ಪ್ರಕಾಶಕರು ಅದನ್ನು ಜಪಾನಿಗೆ ತಂದು ಹೊಸ ಹೆಸರಿಟ್ಟರು. 2004ರ ನವೆಂಬರಿನಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ತಂದುಕೊಟ್ಟವರು ವೇನ್ ಗೂಲ್ಡ್, ಹಾಂಕಾಂಗಿನಲ್ಲಿ ಜಡ್ಜ್ ಆಗಿದ್ದು ನಿವೃತ್ತರಾದವರು. ಗೂಲ್ಡ್ ಸುಮ್ನೆ ಒಗಟು ತರಲಿಲ್ಲ, ಒಗಟು ಹೆಣೆಯುವ ಕಂಪ್ಯೂಟರ್ ಪ್ರೋಗ್ರಾಮನ್ನೇ ಬರೆದು ತಂದರು.

ನನ್ನ ತಕರಾರು ಇರುವುದು ಅಲ್ಲೇ. ಯಂತ್ರ ಹೆಣೆದ ಸಾದಾ ಸುಡೊಕು ಕೆಟ್ಟದ್ದಲ್ಲ. ಬೆಳಗಿನ ಕಾಫಿಯ ಜೊತೆ ನಾನೂ ಒಂದು ಬಿಡಿಸುತ್ತೇನೆ. ಆದರೆ ಲೋಟ ಖಾಲಿಯಾಗುವ ಹೊತ್ತಿಗೆ ಅದು ಮರೆತುಹೋಗಿರುತ್ತದೆ. 'ಇಲ್ಲಿ ಇವಳು ಎಡವುತ್ತಾಳೆ, ಅಲ್ಲಿ ಇವಳಿಗೆ ನಗು ಬರುತ್ತದೆ' ಎಂದು ಯಾರೂ ಯೋಚಿಸಿ ಕಟ್ಟಿದ್ದಲ್ಲ ಅದು. ನಿಕೋಲಿಯವರು ಕೈಯಲ್ಲೇ ಕಟ್ಟಿಸುತ್ತಾರೆ. ಪುಟ ತಲೆಕೆಳಗು ಮಾಡಿದರೂ ಕೊಟ್ಟ ಅಂಕಿಗಳ ಚಿತ್ತಾರ ಹಾಗೇ ಕಾಣುವಂತೆ ಜೋಡಿಸುತ್ತಾರೆ. ರಂಗೋಲಿ ಹಾಕುವವರಿಗೆ ಆ ಹಟ ಅರ್ಥವಾಗುತ್ತದೆ. ಹೊಸ ನಿಯಮ ಸೇರಿದಾಗ ಎದುರಿಗೆ ಒಬ್ಬರು ಕೂತಿದ್ದಾರೆ ಅನ್ನಿಸುವುದು ಇನ್ನೂ ಜಾಸ್ತಿ. ಒಂದೆರಡು ತಿಂಗಳು ಥರ್ಮಾಮೀಟರ್ ಸುಡೊಕು ಬಿಡಿಸಿ ನೋಡಿ, ಆಮೇಲೆ ಬೈಯಿರಿ.

ಪ್ರಶ್ನೆ: ಗೂಡು ಸುಡೊಕು ನೋಡಿದರೆ ಕೈ ಕಾಲು ಆಡುವುದಿಲ್ಲ. ಒಂದು ಅಂಕಿಯನ್ನೂ ಕೊಟ್ಟಿರುವುದಿಲ್ಲ. ಚುಕ್ಕೆಗೆರೆಯ ಮೂಲೆಯಲ್ಲಿ ಬರೀ ಮೊತ್ತ. ಎಲ್ಲಿಂದ ಶುರು ಮಾಡಬೇಕು?
— ಬ್ಯಾಂಕ್ ಕ್ಯಾಷಿಯರ್, ದಾವಣಗೆರೆ

ಕ್ಯಾಷಿಯರ್ ಆಗಿ ನೀವು ಇದನ್ನು ಕೇಳಬಾರದಿತ್ತು! ಸಂಜೆ ಕ್ಯಾಷ್ ಟ್ಯಾಲಿ ಮಾಡುವುದಿಲ್ವಾ? ಇದೂ ಅದೇ ಕೆಲಸ. ಚುಕ್ಕೆಗೆರೆ ಸುತ್ತಿದ ಮನೆಗಳ ಗುಂಪೇ ಗೂಡು, ಅದರೊಳಗಿನ ಅಂಕಿಗಳನ್ನು ಕೂಡಿದರೆ ಮೂಲೆಯಲ್ಲಿ ಬರೆದ ಮೊತ್ತ ಬರಬೇಕು. 1ರಿಂದ 9ರವರೆಗೆ ಕೂಡಿದರೆ 45. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಪ್ರತಿ ಚೌಕ ದಿನದ ಕೊನೆಗೆ 45 ತೋರಿಸಲೇಬೇಕು.

ಪೆನ್ಸಿಲ್ ತೊಗೊಳ್ಳಿ. ಎಡಗಡೆಯ ಮೇಲಿನ ಚೌಕ. ಅದರ ಮೇಲಿನ ಸಾಲಿನ ಮೂರು ಮನೆ ಸೇರಿ ಒಂದು ಗೂಡು, ಮೊತ್ತ 24. ಮೂರು ಬೇರೆ ಬೇರೆ ಅಂಕಿಗೆ 24 ಬರುವುದು 7, 8, 9 ಸೇರಿದಾಗ ಮಾತ್ರ. ಅದರ ಕೆಳಗೆ, ಮೊದಲ ಕಂಬಸಾಲಿನ ಎರಡು ಮನೆ ಇನ್ನೊಂದು ಗೂಡು, ಮೊತ್ತ 3. ಅಂದರೆ 1 ಮತ್ತು 2. ಚೌಕದಲ್ಲಿ ಇನ್ನು ನಾಲ್ಕು ಮನೆ ಉಳಿದವು. ಆ ನಾಲ್ಕೂ ಒಂದೇ ಗೂಡಿನಲ್ಲಿವೆ. ಆದರೆ ಆ ಗೂಡು ಸುಮ್ನೆ ಕೂತಿಲ್ಲ, ಮೂರನೇ ಅಡ್ಡಸಾಲಿನಲ್ಲಿ ಒಂದು ಕಾಲು ಪಕ್ಕದ ಚೌಕಕ್ಕೆ ಚಾಚಿದೆ. ಐದು ಮನೆ, ಮೊತ್ತ 20.

ಈಗ ಟ್ಯಾಲಿ ಮಾಡಿ. 45ರಲ್ಲಿ 24 ಮತ್ತು 3 ಹೋದರೆ 18. ಗೂಡಿನ ಮೊತ್ತ 20. ಹಾಗಾದರೆ ಹೊರಗೆ ಚಾಚಿದ ಮನೆಯಲ್ಲಿ 2 ಇದೆ. ಅಷ್ಟಕ್ಕೇ ಮುಗಿಯಲಿಲ್ಲ. ಮೂರನೇ ಅಡ್ಡಸಾಲಿಗೆ 2 ಬಂತಲ್ಲ, ಹಾಗಾಗಿ ಅದೇ ಸಾಲಿನ ಮೊದಲ ಮನೆ 2 ಆಗಲಾರದು, 1. ಅದರ ಮೇಲಿನದು 2. ಒಂದು ಅಂಕಿಯನ್ನೂ ಕೊಡದೆ ಮೂರು ಮನೆ ತುಂಬಿತು.

ಎರಡು ಮನೆಗೆ 3, 4, 16, 17 ಬಂದರೆ ಒಂದೇ ಜೋಡಿ. ಮೂರು ಮನೆಗೆ 6, 7, 23, 24 ಬಂದರೆ ಒಂದೇ ತ್ರಿವಳಿ. ಇಷ್ಟು ಬಾಯಿಪಾಠ ಇದ್ದರೆ ಸಾಕು, ಮಿಕ್ಕಿದ್ದು ತಾನಾಗಿ ಬರುತ್ತದೆ.

ಪ್ರಶ್ನೆ: ಹಸಿರು ಗೆರೆಯ ಮೇಲೆ ಅಕ್ಕಪಕ್ಕದ ಅಂಕಿಗಳಿಗೆ ಕನಿಷ್ಠ 5ರ ಅಂತರ ಇರಬೇಕು ಎಂದು ಬರೆದಿದ್ದಿರಿ. ನಾನು ಎರಡು ರಾತ್ರಿ ಕೂತೆ. ಬ್ಲೌಸ್ ಹೊಲಿಗೆ ಹಾಗೇ ಬಾಕಿ ಉಳಿಯಿತು, ಒಗಟೂ ಬಾಕಿ ಉಳಿಯಿತು. ಏನಾದರೂ ಸುಳಿವು ಕೊಡಿ ಅಕ್ಕಾ.
— ಟೈಲರ್, ಹುಬ್ಬಳ್ಳಿ

ತಂಗಿ, ಮೊದಲು ಬ್ಲೌಸ್ ಮುಗಿಸಿ. ಕಾಯುವವರ ಶಾಪ ನನಗೆ ತಟ್ಟಬಾರದು.

ಇದಕ್ಕೆ 'ಜರ್ಮನ್ ವಿಸ್ಪರ್ಸ್' ಅನ್ನುತ್ತಾರೆ. ನನಗೆ ತುಂಬ ಇಷ್ಟವಾದ ನಿಯಮ. 5 ಎಂಬ ಅಂಕಿ ಗೆರೆಯ ಮೇಲೆ ಬರುವಂತಿಲ್ಲ, ಯಾಕೆಂದರೆ 5ರಿಂದ 5 ದೂರದಲ್ಲಿ ಇರುವುದು 0 ಅಥವಾ 10, ಎರಡೂ ನಮ್ಮ ಹತ್ತಿರ ಇಲ್ಲ. ಇನ್ನು 1, 2, 3, 4 ಚಿಕ್ಕವರು. 6, 7, 8, 9 ದೊಡ್ಡವರು. ಗೆರೆಯ ಮೇಲೆ ಚಿಕ್ಕವರು, ದೊಡ್ಡವರು ಒಬ್ಬರ ಪಕ್ಕ ಒಬ್ಬರು ಬಂದೇ ತೀರಬೇಕು. ಒಂದು ಮನೆ ಚಿಕ್ಕದು ಎಂದು ಗೊತ್ತಾದರೆ ಇಡೀ ಗೆರೆಗೆ ಬಣ್ಣ ಹಚ್ಚಬಹುದು. ನಾನು ಮಕ್ಕಳ ಕ್ರೇಯಾನ್ ಬಳಸುತ್ತೇನೆ.

ಇಬ್ಬರು ಮಾತ್ರ ಹಟಮಾರಿಗಳು. 4ರ ಪಕ್ಕ 9 ಬಿಟ್ಟು ಯಾರೂ ಕೂರುವಂತಿಲ್ಲ. 6ರ ಪಕ್ಕ 1 ಮಾತ್ರ. ಹಾಗಾಗಿ 4 ಗೆರೆಯ ನಡುವೆ ಬಂದರೆ ಎರಡೂ ಕಡೆ 9 ಬೇಕು. ಆ ಎರಡು 9 ಒಂದೇ ಸಾಲಿನಲ್ಲೋ ಚೌಕದಲ್ಲೋ ಇದ್ದರೆ 4ಕ್ಕೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಒಗಟಿನಲ್ಲಿ ನಡುವಿನ ಚೌಕ ನೋಡಿ. ಗೆರೆ ಆ ಚೌಕದ ಎಂಟು ಮನೆಗಳಲ್ಲಿ ಹಾವಿನಂತೆ ಹರಿದಿದೆ. ಬಿಟ್ಟ ಒಂದು ಮನೆ 5. 4 ಆಗಲಿ 6 ಆಗಲಿ ಗೆರೆಯ ನಡುವೆ ಬರುವಂತಿಲ್ಲ, ಹಾಗಾಗಿ ಅವೆರಡೂ ಎರಡು ತುದಿಯಲ್ಲಿ ಕೂತಿವೆ. 4ರ ಪಕ್ಕ 9, 6ರ ಪಕ್ಕ 1. ಉಳಿದ 2, 3, 7, 8ರಲ್ಲಿ 3ರ ಪಕ್ಕ 7 ಕೂರುವಂತಿಲ್ಲ. ಮಾಡಿ ನೋಡಿದರೆ ಒಂದೇ ಕ್ರಮ ಉಳಿಯುತ್ತದೆ: 4, 9, 3, 8, 2, 7, 1, 6. ಇಲ್ಲವೇ ಇದನ್ನೇ ತಿರುಗಿಸಿ ಓದಿ.

ನಾನು ಊರಿಂದೂರಿಗೆ ಫೋನ್ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಂಬರ್ ಕಂಡರೆ ಜೋಡಿ ಮಾಡಿ ಓದುವ ಚಟ. ನಲವತ್ತೊಂಬತ್ತು, ಮೂವತ್ತೆಂಟು, ಇಪ್ಪತ್ತೇಳು, ಹದಿನಾರು. ಪ್ರತಿ ಸಲ 11 ಇಳಿಯುತ್ತದೆ, ನೋಡಿ. ಹಳೆಯ ಗೆಳತಿಯ ಫೋನ್ ನಂಬರಿನಂತೆ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಪ್ರಶ್ನೆ: ಊಹೆ ಮಾಡಿ ಬಿಡಿಸಿದರೆ ಅದು ಬಿಡಿಸಿದ ಹಾಗಾ, ಅಲ್ವಾ?
— ಹೊನ್ನಾವರದಿಂದ ಒಬ್ಬರು

ಅಲ್ಲ. 'ಇಲ್ಲಿ 4 ಇದ್ದರೆ ಪಕ್ಕದ ಮನೆಗೆ ಏನೂ ಉಳಿಯುವುದಿಲ್ಲ, ಹಾಗಾಗಿ 4 ಅಲ್ಲ' ಅನ್ನುವುದು ಊಹೆಯಲ್ಲ, ತರ್ಕ. 4 ಬರೆದು, ಮೂವತ್ತು ಮನೆ ತುಂಬಿ, ಕೊನೆಗೆ ರಬ್ಬರ್ ಹುಡುಕುವುದು ಊಹೆ. ಎಕ್ಸ್‌ಚೇಂಜಿನಲ್ಲಿ ಊಹೆ ಮೇಲೆ ಪ್ಲಗ್ ಚುಚ್ಚಿದರೆ ಧಾರವಾಡ ಬೇಕೆಂದವರಿಗೆ ದಾವಣಗೆರೆ ಸಿಗುತ್ತಿತ್ತು. ಆದರೆ ಓದುಗರು ಊಹೆಗೆ ಇಳಿದರೆ ನಾನು ಮೊದಲು ಅನುಮಾನಿಸುವುದು ಒಗಟು ಕಟ್ಟಿದವರನ್ನು. ಒಳಗೆ ಹೋಗಲು ಬಾಗಿಲು ಇಟ್ಟಿದ್ದಾರಾ, ಇಲ್ಲಾ ಗೋಡೆ ಮಾತ್ರ ಕಟ್ಟಿದ್ದಾರಾ?

ಪ್ರಶ್ನೆ: ನಾನು ಎಂಟನೇ ಕ್ಲಾಸ್. ನನಗೆ ಸ್ವಂತ ಸುಡೊಕು ಮಾಡಬೇಕು. ಒಂದು ಮಾಡಿದೆ. ಅಪ್ಪ ಬಿಡಿಸಿದರು, ಆದರೆ ಅವರ ಉತ್ತರ ನನ್ನ ಉತ್ತರದ ಹಾಗೆ ಇರಲಿಲ್ಲ. ಯಾರು ತಪ್ಪು?
— ಶಾಲಾ ವಿದ್ಯಾರ್ಥಿ, ಚಾಮರಾಜನಗರ

ಮರಿ, ತಪ್ಪು ನಿನ್ನದು. ಬೇಜಾರು ಮಾಡಿಕೊಳ್ಳಬೇಡ, ಅದೇ ತಪ್ಪು ಹೋದ ತಿಂಗಳು ನಾನೂ ಮಾಡಿದೆ, ಅದೂ ಅಚ್ಚಿನಲ್ಲಿ.

ನನ್ನ ಒಗಟಿನಲ್ಲಿ ಎರಡನೇ ಕಂಬಸಾಲಿನಲ್ಲಿ ಮೂರು ಮನೆಯ ಗೂಡು ನಿಂತಿತ್ತು, ನಾಲ್ಕನೇ ಅಡ್ಡಸಾಲಿನಿಂದ ಆರನೆಯದರವರೆಗೆ. ಎಂಟನೇ ಕಂಬಸಾಲಿನಲ್ಲೂ ಅಂಥದ್ದೇ ಒಂದು. ನನ್ನ ಉತ್ತರದಲ್ಲಿ ಎಡ ಗೂಡಿನ ಮೇಲೆ 3, ಕೆಳಗೆ 8. ಬಲ ಗೂಡಿನ ಮೇಲೆ 8, ಕೆಳಗೆ 3. ಈಗ ಈ ನಾಲ್ಕನ್ನೂ ಅದಲುಬದಲು ಮಾಡು. ಅಡ್ಡಸಾಲು ಸರಿ. ಕಂಬಸಾಲು ಸರಿ. ಚೌಕವೂ ಸರಿ. ಗೂಡಿನ ಮೊತ್ತವೂ ಬದಲಾಗುವುದಿಲ್ಲ. ಯಾರನ್ನು ಕೇಳಿದರೂ ಎರಡೂ ಸರಿ! ಒಂದೇ ವಾರದಲ್ಲಿ 14 ಪತ್ರ ಬಂತು. ಒಬ್ಬರಂತೂ ಎರಡೂ ಉತ್ತರವನ್ನು ಎರಡು ಬಣ್ಣದ ಶಾಯಿಯಲ್ಲಿ ಬರೆದು, ಯಾವುದಕ್ಕೆ ಬಹುಮಾನ ಎಂದು ಕೇಳಿದ್ದರು.

ನಾನು ಪರೀಕ್ಷೆ ಮಾಡಿರಲಿಲ್ಲವಾ? ಮಾಡಿದ್ದೆ. ಖಾಲಿ ಹಾಳೆ ಇಟ್ಟುಕೊಂಡು ನಾನೇ ಬಿಡಿಸಿದ್ದೆ. ಆದರೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ಆ ನಾಲ್ಕು ಮನೆಗೆ ಬಂದಾಗ ಕೈ ತಾನಾಗಿ 3 ಬರೆಯಿತು, 'ಯಾಕೆ' ಎಂದು ಕೇಳಲಿಲ್ಲ. ಮೊಮ್ಮಗಳು ಲ್ಯಾಪ್‌ಟಾಪಿಗೆ ಹಾಕಿ ಕ್ಷಣದಲ್ಲಿ ಹೇಳಿದಳು, "ಅಜ್ಜಿ, ಎರಡಿದೆ." ಈಗ ಅವಳ ಲ್ಯಾಪ್‌ಟಾಪ್ ನೋಡದೆ ಯಾವುದೂ ಈ ಪುಟಕ್ಕೆ ಬರುವುದಿಲ್ಲ. ನೀನೂ ಹೀಗೆ ಮಾಡು: ಕಟ್ಟಿದ ಒಗಟನ್ನು ಎರಡು ವಾರ ಪುಸ್ತಕದೊಳಗೆ ಮುಚ್ಚಿಡು. ಮರೆತ ಮೇಲೆ ಬಿಡಿಸು. ಪ್ರತಿ ಅಂಕಿ ಬರೆಯುವಾಗ ಪಕ್ಕದಲ್ಲಿ ಕಾರಣ ಬರೆ. ಕಾರಣ ಸಿಗದ ಮನೆ ಬಂತಾ, ಅಲ್ಲೇ ಹುಳ ಇದೆ.

ನೀನು ಕಳಿಸಿದ ಹಾಳೆಯಲ್ಲಿ ಇನ್ನೊಂದು ವಿಷಯ ಕಂಡಿತು. ಕೊಟ್ಟ ಅಂಕಿಗಳಲ್ಲಿ 6 ಎಲ್ಲೂ ಇಲ್ಲ, 9 ಎಲ್ಲೂ ಇಲ್ಲ. ಸಾದಾ ಸುಡೊಕುವಿನಲ್ಲಿ ಹಾಗೆ ಮಾಡುವಂತಿಲ್ಲ. ಅಪ್ಪ ಬಿಡಿಸಿದ ಮೇಲೆ ಎಲ್ಲ 6ನ್ನು 9 ಮಾಡಿ, ಎಲ್ಲ 9ನ್ನು 6 ಮಾಡಿದರೆ ಅದೂ ಉತ್ತರವೇ ಅಲ್ವಾ? ಹಾಗಾಗಿ ಕನಿಷ್ಠ ಎಂಟು ಬಗೆಯ ಅಂಕಿ ಕಾಣಲೇಬೇಕು. ಒಟ್ಟು ಎಷ್ಟು ಅಂಕಿ ಕೊಡಬೇಕು ಅನ್ನುವುದಕ್ಕೂ ಮಿತಿ ಇದೆ. 17ಕ್ಕಿಂತ ಕಡಿಮೆ ಕೊಟ್ಟರೆ ಒಂದೇ ಉತ್ತರ ಬರುವುದಿಲ್ಲ ಎಂದು 2012ರಲ್ಲಿ ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಜಾಲಾಡಿ ತೋರಿಸಿದರು.

ಹೊಸ ನಿಯಮ ಸೇರಿಸಿದರೆ ಈ ಮಿತಿಗಳೆಲ್ಲ ಬಿದ್ದುಹೋಗುತ್ತವೆ. 2020ರ ಮೇ ತಿಂಗಳಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದಾಗ, ಮಿಚೆಲ್ ಲೀ ಎಂಬವರು ಕಟ್ಟಿದ 'ಮಿರಾಕಲ್ ಸುಡೊಕು'ವನ್ನು ಇಂಗ್ಲೆಂಡಿನ ಸೈಮನ್ ಆಂಥನಿ ವಿಡಿಯೊದಲ್ಲಿ ಬಿಡಿಸಿದರು. ಕೊಟ್ಟದ್ದು ಎರಡೇ ಅಂಕಿ, ಒಂದು 1, ಒಂದು 2. ಇದು ತಮಾಷೆಯಿರಬೇಕು ಎಂದೇ ಅವರು ಶುರು ಮಾಡಿದ್ದು. ನಿಯಮ ಮೂರು: ಚದುರಂಗದ ಕುದುರೆಯ ನಡೆಯಲ್ಲಿ ಒಂದೇ ಅಂಕಿ ಸಿಗಬಾರದು, ರಾಜನ ನಡೆಯಲ್ಲೂ ಸಿಗಬಾರದು, ಅಕ್ಕಪಕ್ಕ ಮತ್ತು ಮೇಲೆ ಕೆಳಗೆ 3ರ ಪಕ್ಕ 4ರಂತೆ ಒಂದರ ಹಿಂದೊಂದು ಬರುವ ಅಂಕಿ ಕೂರಬಾರದು. ನಾನು ಆ ವಿಡಿಯೊವನ್ನು ಸಾರು ಒಲೆಯ ಮೇಲಿಟ್ಟು ನೋಡುತ್ತಿದ್ದೆ. ಸಾರು ಏನಾಯಿತು ಎಂದು ಹೇಳುವುದು ಬೇಡ.

ಅಷ್ಟು ದೊಡ್ಡದು ನಿನಗೆ ಈಗ ಬೇಡ. ಇದೇ ಜಾತಿಯ ಪುಟ್ಟದೊಂದು ನಿನಗಾಗಿ ಕಟ್ಟಿದ್ದೇನೆ. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು, ನಾಲ್ಕು ಮನೆಯ ನಾಲ್ಕು ಚೌಕ. 1ರಿಂದ 4ರವರೆಗಿನ ಅಂಕಿ. ಒಂದೂ ಅಂಕಿ ಕೊಡುವುದಿಲ್ಲ. ಮೇಲಿನ ಸಾಲಿನ ಉದ್ದಕ್ಕೂ ಒಂದು ಥರ್ಮಾಮೀಟರ್ ಮಲಗಿದೆ, ಬುರುಡೆ ಎಡ ತುದಿಯಲ್ಲಿ. ಬುರುಡೆಯಿಂದ ಮುಂದೆ ಹೋದಂತೆ ಅಂಕಿ ಏರುತ್ತಲೇ ಹೋಗಬೇಕು. ಜೊತೆಗೆ ಕುದುರೆ ನಿಯಮ: ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಹಾರಿದರೆ ಅದೇ ಅಂಕಿ ಸಿಗಬಾರದು. ಅಷ್ಟೇ.

ಮೊದಲ ಸಾಲು ಕಣ್ಣು ಮುಚ್ಚಿ ಬರೆಯಬಹುದು. ಎರಡನೇ ಸಾಲಿನ ಬಲ ಚೌಕದಲ್ಲಿ 1 ಮತ್ತು 2 ಬರಬೇಕು. ಮೂಲೆಯ 1ರಿಂದ ಕುದುರೆ ಹಾರಿದರೆ ಎರಡನೇ ಸಾಲಿನ ಮೂರನೇ ಮನೆಗೆ ಬೀಳುತ್ತದೆ. ಹಾಗಾಗಿ ಅಲ್ಲಿ 1 ಇಲ್ಲ. ಇನ್ನು ಮುಂದಕ್ಕೆ ನೀನೇ ಹೋಗು. ಉತ್ತರ ಪುಟದ ಕೊನೆಯಲ್ಲಿದೆ. ಬಿಡಿಸಿದ ಮೇಲೆ ಕುದುರೆ ನಿಯಮ ತೆಗೆದು ನೋಡು. ಮೇಲಿನ ಸಾಲು ಹಾಗೇ ಇದ್ದರೂ 12 ಉತ್ತರ ಬರುತ್ತವೆ. ಅವನ್ನು ಒಂದೊಂದಾಗಿ ಬರೆದು, ಕುದುರೆ ಯಾವುದನ್ನು ಎಲ್ಲಿ ಒದೆಯುತ್ತದೆ ಎಂದು ಗುರುತು ಮಾಡು. ಒಗಟು ಕಟ್ಟಲು ನಾನು ಕಲಿತದ್ದು ಹಾಗೇ.

ಪ್ರಶ್ನೆ: ಸಾದಾ ಸುಡೊಕುವಿನಲ್ಲೂ ಒಂದು ಗುಟ್ಟಿನ ಉಂಗುರ ಇದೆಯಂತೆ. ನಡುವಿನ ಚೌಕದ ಸುತ್ತಲಿನ 16 ಮನೆಗಳಲ್ಲಿ ಇರುವ ಅಂಕಿಗಳೇ ನಾಲ್ಕು ಮೂಲೆಯ 16 ಮನೆಗಳಲ್ಲೂ ಇರುತ್ತವಂತೆ. ನಿಜವಾ? ಯಾಕೆ ಹಾಗೆ?
— ಸಿಂಗಪುರದಲ್ಲಿರುವ ಕನ್ನಡಿಗರು

ನಿಜ. ಯಾವ ಸುಡೊಕು ತೆಗೆದರೂ ನಿಜ. ಫಿಸ್ಟೋಮೆಫೆಲ್ ಎಂದು ಕರೆದುಕೊಳ್ಳುವ ಜರ್ಮನಿಯ ಒಗಟುಗಾರರ ಹೆಸರಲ್ಲಿ ಇದು ಪ್ರಸಿದ್ಧ.

ಯಾಕೆ ಅನ್ನುವುದಕ್ಕೆ ಹುಣಸೆ ಬೀಜ ಮತ್ತು ಕವಡೆ ಬೇಕು. ಸಿಂಗಪುರದಲ್ಲಿ ಸಿಗದಿದ್ದರೆ ಕಡಲೆಕಾಳು, ಹೆಸರುಕಾಳು ಆದೀತು. ಕಂಬಸಾಲು 1, 2, 8, 9ರ ಎಲ್ಲ ಮನೆಗೆ ಒಂದೊಂದು ಹುಣಸೆ ಬೀಜ ಇಡಿ. ಇನ್ನು ಅಡ್ಡಸಾಲು 3, ಅಡ್ಡಸಾಲು 7, ಎಡ ನಡುವಿನ ಚೌಕ, ಬಲ ನಡುವಿನ ಚೌಕ, ಇವುಗಳ ಎಲ್ಲ ಮನೆಗೆ ಒಂದೊಂದು ಕವಡೆ. ಬೀಜದ ಕಡೆ ನಾಲ್ಕು ಪೂರ್ತಿ ಸೆಟ್, ಅಂದರೆ 1ರಿಂದ 9 ನಾಲ್ಕು ಸಲ. ಕವಡೆ ಕಡೆಯೂ ನಾಲ್ಕು ಪೂರ್ತಿ ಸೆಟ್. ಎರಡೂ ಸಮ. ಈಗ ಬೀಜ, ಕವಡೆ ಎರಡೂ ಬಿದ್ದ ಮನೆಗಳಿಂದ ಎರಡನ್ನೂ ಎತ್ತಿಬಿಡಿ. ಎರಡೂ ಕಡೆಯಿಂದ ಒಂದೇ ಅಂಕಿ ಹೋಯಿತು, ತಕ್ಕಡಿ ಅಲುಗಲಿಲ್ಲ. ಉಳಿದದ್ದು ನೋಡಿ: ಬೀಜಗಳು ನಾಲ್ಕು ಮೂಲೆಯಲ್ಲಿ ನಾಲ್ಕು ನಾಲ್ಕು. ಕವಡೆಗಳು ನಡುವಿನ ಚೌಕದ ಸುತ್ತ ಉಂಗುರದಂತೆ 16.

ಮೊದಲ ಸಲ ಇದನ್ನು ಊಟದ ಮೇಜಿನ ಮೇಲೆ ಮಾಡಿದಾಗ ನಮ್ಮವರು, "ಇಷ್ಟು ವರ್ಷ ಇದು ಇಲ್ಲೇ ಇತ್ತಾ?" ಎಂದು ಕೇಳಿದರು. ನಮ್ಮವರು ಪದಬಂಧದ ಪಾರ್ಟಿ. ಅವರ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಪ್ರಶ್ನೆ: ಸ್ಯಾಂಡ್‌ವಿಚ್ ಸುಡೊಕುವಿನಲ್ಲಿ ಸಾಲಿನ ಹೊರಗೆ 35 ಎಂದು ಬರೆದಿದ್ದೀರಿ. ಅಚ್ಚಿನ ತಪ್ಪಾ?
— ಪಿಡಿಒ, ಕೊಪ್ಪಳ ಜಿಲ್ಲೆ

ಅಲ್ಲ ಸರ್. ಆ ಸಂಖ್ಯೆ 1 ಮತ್ತು 9ರ ನಡುವೆ ಸಿಕ್ಕಿಕೊಂಡ ಅಂಕಿಗಳ ಮೊತ್ತ. 2ರಿಂದ 8 ಕೂಡಿದರೆ 35. ಅಂದರೆ ಎಲ್ಲರೂ ನಡುವೆಯೇ ಇದ್ದಾರೆ, 1 ಮತ್ತು 9 ಎರಡು ತುದಿಯಲ್ಲಿ. 0 ಎಂದು ಬರೆದಿದ್ದರೆ ಅವೆರಡೂ ಅಂಟಿಕೊಂಡಿವೆ.

ಪ್ರಶ್ನೆ: ಇಂಥ ಒಗಟುಗಳಿಗೆ ದೊಡ್ಡ ಸ್ಪರ್ಧೆ ನಮ್ಮ ಕಡೆ ಯಾವತ್ತಾದರೂ ಆಗಿದೆಯಾ?
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ಆಗಿದೆ! ವಿಶ್ವ ಸುಡೊಕು ಚಾಂಪಿಯನ್‌ಷಿಪ್ 2017ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಅದಕ್ಕೂ ಮೊದಲು 2008ರಲ್ಲಿ ಗೋವಾದಲ್ಲಿ ಆಗಿತ್ತು. ಮೊದಲನೆಯದು 2006ರಲ್ಲಿ ಇಟಲಿಯ ಲುಕ್ಕಾದಲ್ಲಿ, ಗೆದ್ದವರು ಜೆಕ್ ದೇಶದ ಯಾನಾ ಟಿಲೊವಾ, ಹೆಣ್ಣುಮಗಳು. ಆ ಸ್ಪರ್ಧೆಗಳಲ್ಲಿ ಸಾದಾ ಸುಡೊಕು ಸ್ವಲ್ಪ, ಬಗೆಬಗೆಯ ನಿಯಮದವೇ ಜಾಸ್ತಿ. ನಮ್ಮ ದೇಶದ ತಂಡ ಆರಿಸಲು ಲಾಜಿಕ್ ಮಾಸ್ಟರ್ಸ್ ಇಂಡಿಯಾದವರು ಪಂದ್ಯ ನಡೆಸುತ್ತಾರೆ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ನನಗೆ ಗಡಿಯಾರ ಆಗುವುದಿಲ್ಲ, ಟ್ರಂಕ್ ಕಾಲಿನ ಮೂರು ನಿಮಿಷ ಎಣಿಸಿ ಎಣಿಸಿ ಸಾಕಾಗಿದೆ.

ಪುಟ್ಟ ಒಗಟಿನ ಉತ್ತರ, ಮೇಲಿನಿಂದ ಕೆಳಕ್ಕೆ: 1 2 3 4 / 4 3 2 1 / 3 4 1 2 / 2 1 4 3. ಈ ಸಲ ಮೊಮ್ಮಗಳೂ ನೋಡಿದ್ದಾಳೆ. ಒಂದೇ ಉತ್ತರ.